ಕಾಲ್ಬೆರಳು ಕೈಬೆರಳಾದ ಇತಿಹಾಸ

೧೭೯೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಲಂಡನ್ ನಗರದ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಒಂದು ಪತ್ರವು ಪ್ರಕಟವಾಯಿತು. ಅದರೊಡನೆ ಹಿಂದೂಸ್ಥಾನದ ಒಬ್ಬ ಮನುಷ್ಯನ ಚಿತ್ರವೂ ಅಚ್ಚಾಗಿದ್ದಿತು. ಆತನ ಹೆಸರು ಕಾವಸಜಿ, ಮರಾಠಾ ದೇಶದವನು, ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನೊಡನೆ ಎತ್ತು ಹೊಡೆಯುವ ಕೆಲಸಕ್ಕೆ ಬಂದಿದ್ದವನು. ೧೭೯೨ರಲ್ಲಿ ಆತನು ಟೀಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿದನೆಂದೂ, ಅಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರೆಂದೂ, ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಬಳಿ ಇದ್ದ ಮುಂಬಯಿಯ ದಂಡನ್ನು ಸೇರಿದನೆಂದೂ ಪತ್ರವು ಹೇಳುತ್ತದೆ.

ಸುಮಾರು ಒಂದು ವರುಷ ಅವನು ಮೂಗಿಲ್ಲದೆ ಕಳೆದನು. ಬಳಿಕ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮೊದಲು ಮೇಣದಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲೆ ಹರಡಿ, ಅದರ ಅಂಚಿನುದ್ದಕ್ಕೂ ಗೆರೆ ಬರೆದು, ಅಷ್ಟು ಚರ್ಮವನ್ನು ಬಿಡಿಸಿದನು. ಆದರೆ ಎರಡು ಹುಬ್ಬುಗಳ ನಡುವೆ ಒಂದು ಚಿಕ್ಕ ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿಕೊಂಡನು. ಬಿಡಿಸಿದ ಚರ್ಮವನ್ನು ಆ ಪಟ್ಟಿಯ ಮೇಲೆ ತಿರುಚಿ ಕೆಳಕ್ಕಿಳಿಸಿ ಮೂಗಿನ ಸ್ಥಾನದಲ್ಲಿ ಕೂಡಿಸಿದನು. ಕಾಚಿನಿಂದ ಅಂಟಿಸಿ, ಕೆಲವು ದಿನಗಳ ಮೇಲೆ ತುಪ್ಪದಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು ಕಾಯ್ದನು. ಸುಮಾರು ಇಪ್ಪತ್ತೈದನೆಯ ದಿನ ಆ ಪಟ್ಟಿಯನ್ನು ಕಡಿದನು. ಕ್ರೂಸೋ ಮತ್ತು ಫಿಂಡ್ಲೇ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. ಪತ್ರವನ್ನೋದಿದ ಲಂಡನ್ನಿನ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಇದೇ ಕ್ರಮದಿಂದ ಮೂಗನ್ನು ಕಟ್ಟಿ, ೧೮೧೬ರಲ್ಲಿ ಅದರ ವಿವರವನ್ನು ಗ್ರಂಥರೂಪವಾಗಿ ಹೊರತಂದನು. ಯುರೋಪಿನಲ್ಲಿ ಅಂಗನಿರ್ಮಾಣ ಶಸ್ತ್ರವಿದ್ಯೆಯ ನವಯುಗವು ಅಲ್ಲಿಂದ ಆರಂಭವಾಯಿತೆಂದು ವೈದ್ಯಶಾಸ್ತ್ರದ ಇತಿಹಾಸಕಾರರು ಬರೆಯುತ್ತಾರೆ. ಸುಶ್ರುತಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವಿರುವುದನ್ನು ಬಲ್ಲವರಿಗೆ ಈ ವಿದ್ಯೆಯ ಮೂಲವು ಎಷ್ಟು ಹಳೆಯದೆಂಬುದು ತಿಳಿದೇ ಇದೆ.

ಆದರೆ ಕಾವಸಜಿಯು ಕಳೆದುಕೊಂಡುದು ಮೂಗೊಂದನ್ನೇ ಅಲ್ಲ. ಅವನಿಗೆ ಮುಖವು ಮರಳಿ ಬಂದಿತು, ಕೈ ಬರಲಿಲ್ಲ. ಅಷ್ಟು ಕುಶಲನಾದ ಆ ಪುಣೆಯ ಶಸ್ತ್ರಕಾರನಿಗಾಗಲಿ, ಅವನನ್ನು ನೋಡಿ ಬೆರಗಾದ ಇಂಗ್ಲಿಷ್ ವೈದ್ಯರಿಗಾಗಲಿ, ಕಳೆದ ಕೈಗೆ ಒಂದು ಬೆರಳನ್ನಾದರೂ ಕೊಡುವುದು ಸಾಧ್ಯವಿರಲಿಲ್ಲ. ಮೂಗಿಗೂ ಬೆರಳಿಗೂ ಇರುವ ಈ ಅಂತರವನ್ನು ದಾಟಲು ಶಸ್ತ್ರವಿದ್ಯೆಗೆ ನೂರ ಎಪ್ಪತ್ತಕ್ಕೂ ಮಿಕ್ಕ ವರುಷಗಳು ಬೇಕಾದುವು. ದಾಟಿದ ದಾರಿಯೂ ವಿಚಿತ್ರವಾದುದು. ಕೈಗೆ ಬೇಕಾದ ಬೆರಳು ದೊರೆತುದು ಕಾಲಿನಲ್ಲಿ.

ಕೈಯ ಬೆಲೆ ಹೆಬ್ಬೆರಳಿನಲ್ಲಿದೆ. ಉಳಿದ ನಾಲ್ಕು ಬೆರಳುಗಳು ಒಂದೇ ದಿಕ್ಕಿಗೆ ಮಡಿಯುವುವು. ಅವುಗಳಿಗೆ ಎದುರಾಗಿ ಬಂದು ನಿಲ್ಲುವುದು ಹೆಬ್ಬೆರಳೊಂದೇ. ಕುಡುಗೋಲನ್ನು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು, ತುತ್ತನ್ನು ಕಲಸಿ ಬಾಯಿಗಿಡುವುದು, ಲೇಖನಿಯನ್ನು ನಡೆಸುವುದು, ಇವೆಲ್ಲವೂ ಆ ಎದುರಾಗುವಿಕೆಯಿಂದಲೇ ನಡೆಯುತ್ತವೆ. ಕೈಯ ಒಟ್ಟು ಕಾರ್ಯಶಕ್ತಿಯಲ್ಲಿ ನೂರಕ್ಕೆ ನಲವತ್ತು ಪಾಲು ಹೆಬ್ಬೆರಳಿನದೆಂದು ಶಸ್ತ್ರವೈದ್ಯರು ಗಣನೆ ಹಾಕುತ್ತಾರೆ. ದ್ರೋಣನು ಏಕಲವ್ಯನಿಂದ ಬಿಲ್ಲನ್ನು ಬೇಡಲಿಲ್ಲ, ಕೈಯನ್ನು ಬೇಡಲಿಲ್ಲ. ಬಲಗೈಯ ಹೆಬ್ಬೆರಳನ್ನು ಬೇಡಿದನು. ಅಷ್ಟರಿಂದಲೇ ಧನುರ್ವಿದ್ಯೆಯು ಕುಗ್ಗುವುದೆಂಬುದು ಮಹಾಭಾರತದ ಕವಿಗೆ ಗೊತ್ತಿದ್ದಿತು.

ಆದರೆ ಬೆರಳನ್ನು ಹಣೆಯ ಚರ್ಮದಿಂದ ಕಟ್ಟಲಾಗದು. ಅದರೊಳಗೆ ಎಲುಬಿದೆ, ಕೀಲಿದೆ, ಎಲುಬನ್ನೆಳೆಯುವ ಸ್ನಾಯುರಜ್ಜುಗಳಿವೆ, ರಕ್ತವನ್ನು ತರುವ ಧಮನಿಗಳೂ ಒಯ್ಯುವ ಸಿರೆಗಳೂ ಇವೆ, ಸ್ಪರ್ಶವನ್ನು ತಿಳಿಸುವ ಜ್ಞಾನತಂತುಗಳಿವೆ, ತುದಿಯಲ್ಲಿ ಉಗುರಿದೆ. ಇವೆಲ್ಲವೂ ಒಂದಾಗಿ ಸೇರಿರುವ ಅಂಗವು ದೇಹದಲ್ಲಿ ಇನ್ನೊಂದೇ ಕಡೆ ಇದೆ. ಕಾಲ್ಬೆರಳು ಗಾತ್ರದಲ್ಲಿಯೂ ರೂಪದಲ್ಲಿಯೂ ಬೇರೆಯಾಗಿದ್ದರೂ ರಚನೆಯಲ್ಲಿ ಕೈಬೆರಳಿನ ಒಡಹುಟ್ಟು. ಕೈಯ ಹೆಬ್ಬೆರಳಿಗೂ ಕಾಲಿನ ಹೆಬ್ಬೆರಳಿಗೂ ಎರಡೆರಡೇ ಎಲುಬಿನ ಗೆಣ್ಣುಗಳು. ಮಿಕ್ಕ ಬೆರಳುಗಳಿಗೆ ಸಾಮಾನ್ಯವಾಗಿ ಮೂರು ಮೂರು.

ಈ ಸಾದೃಶ್ಯವನ್ನು ಕಾರ್ಯರೂಪಕ್ಕೆ ತಂದ ಕೀರ್ತಿಯು ಕಾರ್ಲ್ ನಿಕೊಲಾಡೋನಿ ಎಂಬ ಆಸ್ಟ್ರಿಯಾ ದೇಶದ ಶಸ್ತ್ರವೈದ್ಯನಿಗೆ ಸಲ್ಲುತ್ತದೆ. ೧೮೪೭ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈತನು ಮೊದಲು ಇನ್ಸ್‌ಬ್ರುಕ್ಕಿನಲ್ಲಿಯೂ ಆಮೇಲೆ ಗ್ರಾಟ್ಸ್ ನಗರದಲ್ಲಿಯೂ ಪ್ರಾಧ್ಯಾಪಕನಾಗಿದ್ದನು. ೧೮೯೮ರಲ್ಲಿ, ಹೆಬ್ಬೆರಳನ್ನು ಕಳೆದುಕೊಂಡಿದ್ದ ಐದು ವರುಷದ ಬಾಲಕನೊಬ್ಬನಿಗೆ, ಅವನದೇ ಕಾಲಿನ ಎರಡನೆಯ ಬೆರಳನ್ನು ತೆಗೆದು ಕೈಗೆ ಜೋಡಿಸಿದನು. ಈತನ ಉಪಾಯದಲ್ಲಿದ್ದುದು ಪುಣೆಯ ಶಸ್ತ್ರಕಾರನ ತತ್ತ್ವವೇ. ಹಣ್ಣು ತೊಟ್ಟಿನ ಮೂಲಕ ಗಿಡದಿಂದ ರಸವನ್ನು ಪಡೆಯುವಂತೆ, ಬಿಡಿಸಿದ ಅಂಗವು ಉಳಿಸಿದ ಚರ್ಮದ ತೊಟ್ಟಿನಿಂದ ರಕ್ತವನ್ನು ಪಡೆಯಬೇಕು. ಹೊಸ ಸ್ಥಳದಲ್ಲಿ ಅದು ಬೇರೂರಿ ಅಲ್ಲಿಯ ರಕ್ತವನ್ನು ಕುಡಿಯತೊಡಗಿದ ಮೇಲೆ ಮಾತ್ರ ತೊಟ್ಟನ್ನು ಕಡಿಯಬೇಕು.

ಹಣೆ ಮೂಗಿಗೆ ಹತ್ತಿರ. ಕಾಲು ಕೈಗೆ ದೂರ. ಆದುದರಿಂದ ನಿಕೊಲಾಡೋನಿಯು ಬಾಲಕನ ಕೈಯನ್ನು ಕಾಲಿನ ಬಳಿಗೆ ತಂದು, ಬೆರಳನ್ನು ಅರ್ಧ ಬಿಡಿಸಿ ಕೈಗೆ ಹೊಲಿದು, ಕೈಕಾಲುಗಳೆರಡನ್ನೂ ಅಲುಗದಂತೆ ಒಂದಾಗಿ ಕಟ್ಟಿಹಾಕಿದನು. ಬೆರಳು ಕೈಯೊಡನೆ ಬೆಸೆಯುವ ತನಕ ಆ ಎಳೆಯ ಮಗುವು ಮಡಿಸಿದ ದೇಹದಿಂದ ಹಾಸಿಗೆಯ ಮೇಲಿರಬೇಕಾಯಿತು. ಕೊನೆಗೆ ತೊಟ್ಟನ್ನು ಕಡಿದಾಗ ಬೆರಳು ಬಾಡಲಿಲ್ಲ. ವೈದ್ಯಲೋಕವು ಬೆರಗಾಯಿತು, ಆದರೆ ಬೆರಗಾದಷ್ಟು ಅನುಸರಿಸಲಿಲ್ಲ. ಮಗುವಿನ ಕೀಲುಗಳು ಇಂತಹ ಬಂಧನವನ್ನು ಸಹಿಸಬಹುದು. ಪ್ರಾಯದವನನ್ನು ವಾರಗಟ್ಟಲೆ ಹಾಗೆ ಕಟ್ಟಿದರೆ ಸೊಂಟ ಮೊಣಕಾಲುಗಳು ಮರಗಟ್ಟುವುವು. ಬೆರಳು ಬದುಕಿದರೂ ಅದರ ಸ್ಪರ್ಶಜ್ಞಾನವು ಮಂದ, ಗೆಣ್ಣುಗಳು ಬಿಗಿ. ೧೯೦೨ರಲ್ಲಿ ನಿಕೊಲಾಡೋನಿಯು ತೀರಿಕೊಂಡನು. ಆತನ ಕ್ರಮವನ್ನು ಅಲ್ಲೊಬ್ಬರು ಇಲ್ಲೊಬ್ಬರು ಪ್ರಯೋಗಿಸಿದರೇ ಹೊರತು ಅದು ಸಾಮಾನ್ಯ ಚಿಕಿತ್ಸೆಯಾಗಲಿಲ್ಲ.

ತೊಟ್ಟಿಲ್ಲದೆ ಬೆರಳನ್ನು ಸಾಗಿಸಬೇಕಾದರೆ, ಕಾಲಿನಲ್ಲಿ ಅದರ ರಕ್ತನಾಳಗಳನ್ನು ಪೂರ್ಣವಾಗಿ ಕಡಿದು, ಕೈಯ ರಕ್ತನಾಳಗಳಿಗೆ ಕೂಡಲೆ ಹೊಲಿಯಬೇಕು. ಕಡಿದ ನಾಳವನ್ನು ರಕ್ತವು ಸೋರದಂತೆ, ಒಳಗೆ ಹೆಪ್ಪುಗಟ್ಟದಂತೆ ಹೊಲಿಯುವ ವಿದ್ಯೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಯಾರ ಕೈಗೂ ಒಗ್ಗಿರಲಿಲ್ಲ. ೧೮೯೪ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಅಧ್ಯಕ್ಷನಾದ ಸಾದಿ ಕಾರ್ನೋ ಎಂಬಾತನನ್ನು ಲಿಯೋನ್ ನಗರದಲ್ಲಿ ಒಬ್ಬನು ಇರಿದನು. ದೊಡ್ಡ ಸಿರೆಯೊಂದು ತುಂಡಾಗಿದ್ದಿತು, ನುರಿತ ವೈದ್ಯರು ಸುತ್ತಲೂ ಇದ್ದರೂ ಅದನ್ನು ಹೊಲಿಯಲಾರದೆ ಹೋದರು, ಅಧ್ಯಕ್ಷನು ಮೃತನಾದನು. ಅದೇ ಊರಿನ ತರುಣ ವೈದ್ಯನಾದ ಅಲೆಕ್ಸಿಸ್ ಕಾರೆಲನ ಮನಸ್ಸಿಗೆ ಇದು ನಾಟಿತು. ಲಿಯೋನ್ ರೇಷ್ಮೆಯ ಊರು. ಅಲ್ಲಿಯ ಕಸೂತಿಗಾರ್ತಿಯೊಬ್ಬಳ ಬಳಿಗೆ ಹೋಗಿ ಆತನು ಅತಿ ಸಣ್ಣ ಸೂಜಿಯಿಂದ ಹೊಲಿಯುವುದನ್ನು ಕಲಿತನು. ನಾಳದ ದುಂಡುಬಾಯಿಗೆ ಮೂರು ಕಡೆ ಮೊದಲು ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋಣವಾಗಿ ನಿಲ್ಲುವುದೆಂದೂ, ಆಗ ಒಂದೊಂದು ಭುಜವನ್ನು ನೇರವಾಗಿ ಹೊಲಿಯಬಹುದೆಂದೂ ೧೯೦೨ರಲ್ಲಿ ಪ್ರಕಟಿಸಿದನು. ೧೯೧೨ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಒಬ್ಬ ಕಸೂತಿಗಾರ್ತಿಯ ಬೆರಳ ವಿದ್ಯೆಯು ಹೀಗೆ ಶಸ್ತ್ರವಿದ್ಯೆಯ ಆಸ್ತಿಯಾಯಿತು.

ಕಾರೆಲನ ಹೊಲಿಗೆಯು ದೊಡ್ಡ ನಾಳಗಳಿಗೆ ಒದಗಿತು. ಬೆರಳಿನ ಧಮನಿಯ ಅಗಲವಾದರೋ ಒಂದು ಮಿಲಿಮೀಟರಿನ ಆಸುಪಾಸು. ಬರಿಗಣ್ಣಿಗೆ ಅದರ ಬಾಯಿ ಕಾಣುವುದೇ ಕಷ್ಟ. ಆಗಿನ ಸೂಜಿಯು ಅದರೊಳಗೆ ಹೊಕ್ಕರೆ ನಾಳವೇ ಹರಿಯುವುದು. ಇದಕ್ಕೆ ಬೇಕಾದುದು ಬೇರೆ ಕಣ್ಣು, ಬೇರೆ ಸೂಜಿ. ೧೯೨೧ರಲ್ಲಿ ಸ್ವೀಡನ್ನಿನ ನ್ಯೂಲೆನ್ ಎಂಬ ಕರ್ಣವೈದ್ಯನು ಶಸ್ತ್ರಕ್ರಿಯೆಯ ಸಮಯದಲ್ಲಿ ಸೂಕ್ಷ್ಮದರ್ಶಕ ಯಂತ್ರವನ್ನು ಬಳಸಿದ್ದನು. ಅದೇ ಯಂತ್ರದ ಸುಧಾರಿತ ರೂಪವನ್ನಿಟ್ಟುಕೊಂಡು ೧೯೬೦ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಜೇಕಬ್ಸನ್ ಮತ್ತು ಸುವಾರೆಜ್ ಎಂಬ ಇಬ್ಬರು ಒಂದೂವರೆ ಮಿಲಿಮೀಟರಿಗಿಂತಲೂ ಕಿರಿದಾದ ನಾಳಗಳನ್ನು ಹೊಲಿದು ತೋರಿಸಿದರು.

ಈ ಸೂಕ್ಷ್ಮವಿದ್ಯೆಯನ್ನು ಬೆರಳಿಗೆ ತಿರುಗಿಸಿದವರಲ್ಲಿ ಹ್ಯಾರಿ ಬಂಕೆ ಎಂಬಾತನು ಪ್ರಮುಖನು. ಸಾನ್‌ಫ್ರಾನ್ಸಿಸ್ಕೋ ಪ್ರದೇಶದ ಈ ವೈದ್ಯನಿಗೆ ದೊಡ್ಡ ಪ್ರಯೋಗಶಾಲೆಯಿರಲಿಲ್ಲ. ಮನೆಯ ಮೋಟಾರು ನಿಲ್ಲಿಸುವ ಕೊಟ್ಟಿಗೆಯೇ ಆತನ ಪ್ರಯೋಗಶಾಲೆ. ವೈದ್ಯೆಯಾಗಿದ್ದ ಹೆಂಡತಿಯು ಅಲ್ಲಿ ಆತನಿಗೆ ಸಹಾಯಕಳು. ತಕ್ಕ ಸೂಜಿ ದೊರೆಯದಿದ್ದುದರಿಂದ, ಕೂದಲಿಗಿಂತ ತೆಳುವಾದ ಎಳೆಯ ತುದಿಗೇ ಲೋಹದ ಲೇಪವನ್ನು ಕೊಟ್ಟು ಅದನ್ನೇ ಸೂಜಿಯಾಗಿ ಮಾಡಿಕೊಂಡನು. ಮೊಲದ ಕಿವಿಯನ್ನು ಪೂರ್ಣವಾಗಿ ಕಡಿದು ಮತ್ತೆ ಜೋಡಿಸುವ ಪ್ರಯತ್ನದಲ್ಲಿ ಅನೇಕ ಸಲ ಸೋತು ಕೊನೆಗೆ ಗೆದ್ದನು. ೧೯೬೬ರಲ್ಲಿ, ಕೋತಿಯ ಕಾಲಿನ ಹೆಬ್ಬೆರಳನ್ನು ಅದರ ಕೈಯ ಹೆಬ್ಬೆರಳಿನ ಸ್ಥಾನಕ್ಕೆ ಸಾಗಿಸಿದ ವರದಿಯನ್ನು ಪ್ರಕಟಿಸಿದನು.

ಇಷ್ಟರಲ್ಲಿ ಪೂರ್ವದೇಶಗಳ ವೈದ್ಯರು ಮನುಷ್ಯರಲ್ಲಿಯೇ ಮುಂದುವರಿದಿದ್ದರು. ೧೯೬೩ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಚೆನ್ ಝೊಂಗ್‌ವೇ ಎಂಬಾತನು ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನ ಬಳಿ ತುಂಡಾದ ಕೂಲಿಯೊಬ್ಬನ ಕೈಯನ್ನು ಮರುಜೋಡಿಸಿದನು. ೧೯೬೫ರ ಜುಲೈ ತಿಂಗಳಲ್ಲಿ ಜಪಾನಿನ ನಾರಾ ಪ್ರಾಂತದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬವರು ಪೂರ್ಣವಾಗಿ ಕಡಿದುಹೋಗಿದ್ದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮತ್ತೆ ಕೂಡಿಸಿದರು. ತುಂಡಾದ ಬೆರಳೇ ಕೈಗೆ ಸಿಕ್ಕಿದರೆ ಅದನ್ನು ಉಳಿಸಬಹುದೆಂಬುದು ಇವುಗಳಿಂದ ಸಿದ್ಧವಾಯಿತು. ಬೆರಳು ಜಜ್ಜಿ ಪುಡಿಯಾಗಿದ್ದರೆ? ಅಥವಾ ವರುಷಗಳ ಹಿಂದೆಯೇ ಕಳೆದುಹೋಗಿದ್ದರೆ? ಇದಕ್ಕೆ ಉತ್ತರವು ಶಾಂಘೈಯಿಂದಲೇ ಬಂದಿತು. ೧೯೬೬ರ ಫೆಬ್ರುವರಿಯಲ್ಲಿ ಅಲ್ಲಿಯ ಹುವಾಶಾನ್ ಆಸ್ಪತ್ರೆಯಲ್ಲಿ ಯಾಂಗ್ ದೊಂಗ್‌ಯುವೆ ಎಂಬ ಶಸ್ತ್ರವೈದ್ಯನೂ ಆತನ ಸಂಗಡಿಗರೂ ರೋಗಿಯ ಕಾಲಿನ ಎರಡನೆಯ ಬೆರಳನ್ನು ತೊಟ್ಟಿಲ್ಲದೆ ಬಿಡಿಸಿ, ನಾಳಕ್ಕೆ ನಾಳವನ್ನು ಹೊಲಿದು, ಕೈಯ ಹೆಬ್ಬೆರಳನ್ನಾಗಿ ಮಾಡಿದರು. ನಿಕೊಲಾಡೋನಿಯು ವಾರಗಟ್ಟಲೆ ಬಂಧನದಿಂದ ಸಾಧಿಸಿದುದು ಇಲ್ಲಿ ಒಂದೇ ಶಸ್ತ್ರಕ್ರಿಯೆಯಿಂದ ಸಾಧ್ಯವಾಯಿತು.

ಆದರೆ ಈ ಸುದ್ದಿಯು ಹೊರಲೋಕಕ್ಕೆ ಮುಟ್ಟಲಿಲ್ಲ. ಅದೇ ವರುಷ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕೋಲಾಹಲವು ಆರಂಭವಾಯಿತು. ದೇಶದ ಬಾಗಿಲು ಮುಚ್ಚಿತು. ಎರಡು ವರುಷಗಳ ಮೇಲೆ, ೧೯೬೮ರಲ್ಲಿ, ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನಲ್ಲಿ ಜಾನ್ ಕಾಬೆಟ್ ಎಂಬಾತನು ಕಾಲಿನ ಹೆಬ್ಬೆರಳನ್ನೇ ಕೈಯ ಹೆಬ್ಬೆರಳಿನ ಸ್ಥಾನಕ್ಕೆ ಸಾಗಿಸಿ, ಮರುವರುಷ ಅದನ್ನು ಪ್ರಕಟಿಸಿದನು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಲ್ಲಿ ಸುಟ್ಟುಕೊಂಡ ಯೋಧರಿಗೆ ಮ್ಯಾಕಿಂಡೋ ಎಂಬ ವೈದ್ಯನು ಹೊಸ ಮುಖ, ಹೊಸ ಕೈಗಳನ್ನು ಕಟ್ಟಿಕೊಟ್ಟುದು ಇದೇ ಊರಿನ ಆಸ್ಪತ್ರೆಯಲ್ಲಿ. ಪಶ್ಚಿಮದ ಜನರು ಬಹುಕಾಲ ಕಾಬೆಟನನ್ನೇ ಮೊದಲಿಗನೆಂದು ಎಣಿಸಿದರು. ಶಾಂಘೈಯ ಕೆಲಸವು ಬೆಳಕಿಗೆ ಬಂದುದು ೧೯೭೦ರ ದಶಕದಲ್ಲಿ. ಈಗ ಇತಿಹಾಸಕಾರರು ಎರಡನೆಯ ಕಾಲ್ಬೆರಳಿನ ಗೌರವವನ್ನು ಯಾಂಗನಿಗೂ, ಕಾಲಿನ ಹೆಬ್ಬೆರಳಿನ ಗೌರವವನ್ನು ಕಾಬೆಟನಿಗೂ ಹಂಚಿದ್ದಾರೆ. ಕೋತಿಯಲ್ಲಿ ದಾರಿಯನ್ನು ತೋರಿಸಿದ ಬಂಕೆಯು ೧೯೭೨ರಲ್ಲಿ ತನ್ನ ದೇಶದಲ್ಲಿ ಮನುಷ್ಯನಿಗೆ ಈ ಚಿಕಿತ್ಸೆಯನ್ನು ಮಾಡಿದನು.

ಈ ಶಸ್ತ್ರಕ್ರಿಯೆಯ ಕ್ರಮವನ್ನು ಸಂಕ್ಷೇಪವಾಗಿ ತಿಳಿಯುವುದು ವಾಚಕರಿಗೆ ಅಪ್ರಿಯವಾಗಲಾರದು. ಸಾಮಾನ್ಯವಾಗಿ ವೈದ್ಯರ ಎರಡು ತಂಡಗಳು ಏಕಕಾಲದಲ್ಲಿ ಕೆಲಸ ಮಾಡುತ್ತವೆ. ಒಂದು ತಂಡವು ಕೈಯಲ್ಲಿ ಉಳಿದಿರುವ ಎಲುಬು, ರಜ್ಜು, ನಾಳ, ತಂತುಗಳ ತುದಿಗಳನ್ನು ಹುಡುಕಿ ಗುರುತಿಸುವುದು. ಇನ್ನೊಂದು ತಂಡವು ಕಾಲಿನ ಮೇಲ್ಭಾಗದಲ್ಲಿ ಹರಿಯುವ ಧಮನಿಯನ್ನು ಹಿಡಿದು, ಅದರ ಯಾವ ಕವಲು ಬೆರಳಿಗೆ ಹೋಗುವುದೋ ಅದನ್ನು ಅರಸುವುದು. ಈ ಕವಲು ಕೆಲವರಲ್ಲಿ ಮೇಲೆ, ಕೆಲವರಲ್ಲಿ ಆಳದಲ್ಲಿ ಹರಿಯುವುದರಿಂದ ಇಲ್ಲಿ ಅವಸರವು ಸಲ್ಲದು. ಎಲ್ಲವೂ ಸಿದ್ಧವಾದ ಮೇಲೆ ಬೆರಳನ್ನು ಕಡಿದು ಕೈಗೆ ಒಯ್ದು, ಎಲುಬಿಗೆ ಎಲುಬನ್ನು ತಂತಿಯಿಂದ ಬಿಗಿದು, ರಜ್ಜುಗಳನ್ನು ಹೊಲಿದು, ಸೂಕ್ಷ್ಮದರ್ಶಕದ ಕೆಳಗೆ ಧಮನಿ, ಸಿರೆ, ಜ್ಞಾನತಂತುಗಳನ್ನು ಕೂಡಿಸುವರು. ಇದಕ್ಕೆ ಬಳಸುವ ನೈಲಾನ್ ಎಳೆಯ ದಪ್ಪವು ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ಮಾತ್ರ. ವೈದ್ಯನ ಉಸಿರಿಗೂ ಅದು ಅಲುಗುವಷ್ಟು ಹಗುರ.

ಕೊನೆಯ ಹೊಲಿಗೆಯಾದ ಮೇಲೆ ನಾಳಕ್ಕೆ ಹಾಕಿದ ಹಿಡಿಕೆಯನ್ನು ಬಿಡುವರು. ಅಲ್ಲಿಯ ತನಕ ಬಿಳಿಚಿಕೊಂಡಿದ್ದ ಬೆರಳು ಮೆಲ್ಲಮೆಲ್ಲನೆ ಕೆಂಪೇರುವುದು. ಗೆಲುವಿನ ಗುರುತು ಇದೇ ಆದರೂ ಗೆಲುವು ಇನ್ನೂ ಪೂರ್ಣವಲ್ಲ. ಮುಂದಿನ ಕೆಲವು ದಿನಗಳು ಹಗಲಿರುಳು ಬೆರಳಿನ ಬಣ್ಣವನ್ನೂ ಬಿಸುಪನ್ನೂ ನೋಡುತ್ತಿರಬೇಕು. ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದರೆ ರೋಗಿಯನ್ನು ಕೂಡಲೆ ಮತ್ತೆ ಶಸ್ತ್ರಶಾಲೆಗೆ ಒಯ್ಯಬೇಕು. ಸಿರೆಯಲ್ಲಿ ರಕ್ತವು ಕಟ್ಟಿಕೊಂಡು ಅಂಗವು ಕಪ್ಪೇರಿದಾಗ ಅದನ್ನು ಇಳಿಸಲು ಕೆಲವು ವೇಳೆ ಜಿಗಣೆಗಳನ್ನು ಹಚ್ಚುವುದುಂಟು. ಜಿಗಣೆಗಳಿಗಾಗಿ ಸುಶ್ರುತನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅತಿ ನೂತನವಾದ ಯಂತ್ರದ ಪಕ್ಕದಲ್ಲಿಯೇ ಅತಿ ಪುರಾತನವಾದ ಉಪಚಾರವೂ ಹೀಗೆ ನಿಂತಿದೆ.

ಸ್ಪರ್ಶವು ಮರಳುವುದು ಇನ್ನೂ ನಿಧಾನ. ಹೊಲಿದ ಜ್ಞಾನತಂತುವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ತಿಂಗಳುಗಳು ಕಳೆದ ಮೇಲೆ ಬೆರಳ ತುದಿಯಲ್ಲಿ ಜುಮುಜುಮು ತೋರಿ, ಬಿಸಿ ತಣ್ಣನೆಯ ಭೇದವು ತಿಳಿದು, ಕೊನೆಗೆ ಹಿಡಿದ ವಸ್ತುವಿನ ನುಣುಪು ಒರಟುಗಳು ಅರಿವಾಗುವುವು. ಹೆಜ್ಜೆಯಿಡುವುದನ್ನೇ ಬಲ್ಲ ಬೆರಳಿಗೆ ಹಿಡಿಯುವುದನ್ನು ಕಲಿಸಬೇಕು. ಈ ಪಾಠವು ಬೆರಳಿಗೆಷ್ಟೋ ಮಿದುಳಿಗೂ ಅಷ್ಟೇ. ದಿನದಿನವೂ ಅಭ್ಯಾಸ ಮಾಡುವ ತಾಳ್ಮೆ ರೋಗಿಯಲ್ಲಿಲ್ಲದಿದ್ದರೆ, ಎಷ್ಟು ಚೆನ್ನಾಗಿ ಹೊಲಿದ ಬೆರಳೂ ಅಲಂಕಾರವಾಗಿ ಉಳಿಯುವುದು.

ಒಂದು ಅಂಗವನ್ನು ಕಟ್ಟಲು ಇನ್ನೊಂದನ್ನು ಕೆಡಿಸುವುದು ನ್ಯಾಯವೇ ಎಂಬ ಪ್ರಶ್ನೆಯು ಈ ಚಿಕಿತ್ಸೆಯ ಹುಟ್ಟಿನಿಂದಲೂ ಇದೆ. ಕಾಲಿನ ಹೆಬ್ಬೆರಳು ರೂಪದಲ್ಲಿಯೂ ಬಲದಲ್ಲಿಯೂ ಕೈಯ ಹೆಬ್ಬೆರಳಿಗೆ ಹತ್ತಿರವಾದುದು. ಆದರೆ ಹೆಜ್ಜೆಯನ್ನು ಮುಂದಕ್ಕೆ ನೂಕುವ ಬೆರಳು ಅದೇ. ಎರಡನೆಯ ಬೆರಳನ್ನು ತೆಗೆದರೆ ಪಾದಕ್ಕಾಗುವ ನಷ್ಟವು ಅಲ್ಪ, ಗಾಯವು ಚೆನ್ನಾಗಿ ಕೂಡಿದ ಮೇಲೆ ನೋಡಿದವರಿಗೆ ಕೊರತೆಯು ಬೇಗನೆ ಕಾಣದು. ಆದರೆ ಕೈಯಲ್ಲಿ ಅದು ತೆಳ್ಳಗೆ ತೋರುವುದು. ಪಾದರಕ್ಷೆಯಲ್ಲಿ ಕಾಲ್ಬೆರಳು ಕಾಣುವ ಪೂರ್ವದೇಶಗಳಲ್ಲಿ ಕಾಲಿನ ಹೆಬ್ಬೆರಳನ್ನು ಕೊಡಲು ಜನರು ಹಿಂಜರಿಯುವುದುಂಟು. ಕನ್ನಡನಾಡಿನ ಮುತ್ತೈದೆಗೆ ಎರಡನೆಯ ಬೆರಳೂ ಸುಲಭವಾಗಿ ಕೊಡತಕ್ಕದ್ದಲ್ಲ. ಕಾಲುಂಗುರದ ಸ್ಥಾನವು ಅಲ್ಲಿದೆ. ಈ ಇಕ್ಕಟ್ಟನ್ನು ಬಿಡಿಸಲು ವೈದ್ಯರು ಹಲವು ದಾರಿಗಳನ್ನು ಹುಡುಕಿದ್ದಾರೆ. ೧೯೮೦ರಲ್ಲಿ ಮೆಲ್ಬರ್ನ್ ನಗರದ ಮಾರಿಸನ್ ಮತ್ತು ಸಂಗಡಿಗರು ಹೆಬ್ಬೆರಳಿನ ಚರ್ಮವನ್ನೂ ಉಗುರನ್ನೂ ಮಾತ್ರ ತೆಗೆದು, ಬೇರೆ ಎಲುಬಿನ ತುಂಡಿಗೆ ಹೊದಿಸುವ ಕ್ರಮವನ್ನು ತಿಳಿಸಿದರು. ೧೯೮೮ರಲ್ಲಿ ತೈವಾನಿನ ಫೂ-ಚಾನ್ ವೇ ಎಂಬಾತನು, ದಪ್ಪನಾದ ಹೆಬ್ಬೆರಳನ್ನು ಎಲುಬಿನ ಸಮೇತ ಕೆತ್ತಿ ಕೈಗೆ ಹೊಂದುವಂತೆ ಕಿರಿದುಗೊಳಿಸುವ ಕ್ರಮವನ್ನು ವಿವರಿಸಿದನು. ಐದು ಬೆರಳುಗಳನ್ನೂ ಕಳೆದುಕೊಂಡ ಕೈಗೆ ಎರಡು ಕಾಲ್ಬೆರಳುಗಳನ್ನು ಎದುರುಬದುರಾಗಿ ಜೋಡಿಸಿ, ಚಿಮಟದಂತೆ ಹಿಡಿಯುವ ಶಕ್ತಿಯನ್ನು ಕೊಟ್ಟುದೂ ಉಂಟು. ಹುಟ್ಟಿನಿಂದಲೇ ಬೆರಳಿಲ್ಲದ ಮಕ್ಕಳಿಗೂ ಈ ಚಿಕಿತ್ಸೆಯು ಒದಗಿದೆ. ಅವರಲ್ಲಿ ಸಾಗಿಸಿದ ಬೆರಳು ಮಗುವಿನೊಡನೆ ಬೆಳೆಯುತ್ತದೆ.

ಭಾರತದಲ್ಲಿ ಕೈಯ ಶಸ್ತ್ರವಿದ್ಯೆಗೆ ಪ್ರತ್ಯೇಕವಾದ ನೆಲೆಯನ್ನು ಕಟ್ಟಿದವರಲ್ಲಿ ಮದರಾಸಿನ ಸ್ಟಾನ್ಲಿ ಆಸ್ಪತ್ರೆಯ ಆರ್. ವೆಂಕಟಸ್ವಾಮಿಯವರು ಸ್ಮರಣೀಯರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಎಸ್. ರಾಜಾ ಸಭಾಪತಿಯವರು ಈ ವಿದ್ಯೆಯನ್ನು ಬೆಳೆಸಿದ್ದಾರೆ. ಇಲ್ಲಿ ಬೆರಳನ್ನು ಕಳೆದುಕೊಳ್ಳುವವರು ಬಹುಮಟ್ಟಿಗೆ ದುಡಿಯುವ ಜನರು. ಆಲೆಮನೆಯ ಗಾಣ, ಮೇವು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಕಾರ್ಖಾನೆಯ ಒತ್ತುಯಂತ್ರ, ಇವುಗಳ ಬಾಯಿಗೆ ಸಿಕ್ಕಿದ ಕೈಯೇ ಮನೆಯವರ ಅನ್ನದ ಕೈಯಾಗಿರುತ್ತದೆ. ಕಾಲಿನಿಂದ ಬೆರಳನ್ನು ತರುವುದು ಕೊನೆಯ ಉಪಾಯ. ತುಂಡಾದ ಬೆರಳು ಸಿಕ್ಕಿದರೆ ಅದನ್ನೇ ಜೋಡಿಸುವುದು ಮೊದಲನೆಯದು. ಆ ಬೆರಳನ್ನು ಒದ್ದೆ ಮಾಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ನಡುವೆ ಇರಿಸಿ, ಗಾಯಗೊಂಡವನೊಡನೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆರಳನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಅದು ಕೆಟ್ಟುಹೋಗುವುದು. ಪ್ರತಿಯೊಂದು ಮನೆಯವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಕಾವಸಜಿಯ ಕೈ ಬಿದ್ದುದು ೧೭೯೨ರಲ್ಲಿ. ಶಾಂಘೈಯ ರೋಗಿಗೆ ಹೆಬ್ಬೆರಳು ಬಂದುದು ೧೯೬೬ರಲ್ಲಿ. ನಡುವಿನ ನೂರ ಎಪ್ಪತ್ತನಾಲ್ಕು ವರುಷಗಳಲ್ಲಿ ಪುಣೆಯ ಇಟ್ಟಿಗೆಗಾರನ ಮೇಣ, ಗ್ರಾಟ್ಸಿನ ಬಾಲಕನ ಸಹನೆ, ಲಿಯೋನಿನ ಕಸೂತಿಗಾರ್ತಿಯ ಸೂಜಿ, ಅಮೆರಿಕದ ಮೋಟಾರು ಕೊಟ್ಟಿಗೆಯ ದೀಪ, ಇವೆಲ್ಲವೂ ಒಂದೇ ಕೆಲಸಕ್ಕೆ ಕೂಡಿಬಂದುವು. ಇವರಲ್ಲಿ ಪುಣೆಯ ಶಸ್ತ್ರಕಾರನ ಹೆಸರನ್ನು ಲಂಡನ್ನಿನ ಪತ್ರವು ಬರೆದಿಡಲಿಲ್ಲ. ಕಡಿಯದೆ ಉಳಿಸಿದ ಒಂದು ಚಿಕ್ಕ ಪಟ್ಟಿಯಿಂದ ಅಂಗವು ಬದುಕುವುದೆಂಬ ಆತನ ಅರಿವು ಮಾತ್ರ ಉಳಿಯಿತು. ಮುಂದಿನವರು ಆ ತೊಟ್ಟನ್ನೂ ಕಡಿಯಲು ಕಲಿತುದು, ಅದನ್ನು ಮೊದಲು ಚೆನ್ನಾಗಿ ಅರಿತುಕೊಂಡುದರಿಂದಲೇ.